ಬುಡದ ಮುದ್ರೆ

ಈ ಊರಲ್ಲಿ ಯಾರೂ ಬಸಿಯನ್ನು ನೇರ ನೋಡುವುದಿಲ್ಲ.
ಮದುವೆಯ ಊಟವಿರಲಿ, ಸಾವಿನ ಮನೆಯ ಚಹಾ ಇರಲಿ,
ಮೊದಲು ಮಗುಚಿ ಬುಡ ನೋಡುತ್ತಾರೆ:
ನಮ್ಮ ಭಟ್ಟಿಯದೋ, ಹೊರಗಿನದೋ?
ಭಟ್ಟಿಗಳು ಆರಿ ಎಷ್ಟೋ ವರ್ಷ. ನಮ್ಮ ಬೀದಿಯ ತುದಿಗೆ
ಬಾಟಲಿಯಂಥದ್ದೊಂದು ಉಳಿದಿದೆ, ಫೋಟೋಕ್ಕೆ.
ಮಗುಚುವ ಕೈ ಮಾತ್ರ ಆರಿಲ್ಲ.

ನಾನು ಮೂವತ್ತೊಂದು ವರ್ಷ ಕಪ್ಪಿಗೆ ಕಿವಿ ಅಂಟಿಸಿದವಳು.
ಈಗ ಚುನಾವಣೆ ಬಂದರೆ ಒಂದು ದಿನದ ಸರ್ಕಾರಿ ನೌಕರಿ:
ಮೆಥಡಿಸ್ಟ್ ಚರ್ಚಿನ ಹಿಂದಿನ ಹಜಾರ,
ಬೆಳಗಿನ ಏಳರಿಂದ ರಾತ್ರಿ ಹತ್ತು,
ಮುಂದೆ ಹೆಸರಿನ ಪಟ್ಟಿ, ಗೆರೆ ಎಳೆಯಲು ಅಡಿಪಟ್ಟಿ,
ಮರೆಯೊಳಗೆ ದಾರಕ್ಕೆ ಕಟ್ಟಿದ ಮೋಟು ಪೆನ್ಸಿಲು.
ದೇಶವನ್ನೇ ಕೈಗೆ ಕೊಡುತ್ತಾರೆ, ನಂಬಿ;
ಪೆನ್ಸಿಲಿನ ವಿಷಯದಲ್ಲಿ ಮಾತ್ರ ನಂಬಿಕೆ ಸಾಲದು.

ಹೊರಗೆ ಬೇಲಿಗೆ ಕಟ್ಟಿದ ನಾಯಿಗಳು.
ಬಿಸ್ಕತ್ತು ಕೊಟ್ಟವರ ಕಡೆ ಅವು.
ನಾವು ಅಷ್ಟು ಸರಳವಲ್ಲ ಎಂದು ನಾವೇ ಹೇಳಿಕೊಳ್ಳುತ್ತೇವೆ.

ಟೀವಿಯಲ್ಲಿ ಕೋಟಿನವನೊಬ್ಬ ಬಾಣ ಬರೆದು ತೋರಿಸುತ್ತಾನೆ
ನಮ್ಮಂಥವರು ಹೇಗೆ ಯೋಚಿಸುತ್ತೇವೆಂದು.
ತೆರಿಗೆಯಂತೆ, ಗಡಿಯಂತೆ, ಬಡ್ಡಿಯ ದರವಂತೆ.
ಇರಬಹುದು. ಆದರೆ
ಐರಿಸ್ ಶಫಲ್‌ಬಾಟಮ್ ನೀಲಿಯವನನ್ನು ಬಿಟ್ಟದ್ದು
ಅವನು ಕರಪತ್ರ ತುರುಕಿ ಗೇಟು ಹಾಕದೆ ಹೋಗಿ
ಅವಳ ಆಮೆ ತಪ್ಪಿಸಿಕೊಂಡದ್ದಕ್ಕೆ.
ಹಾಗಂತ ಕೆಂಪಿನವರಿಗೂ ಹಾಕಲಿಲ್ಲ:
ಅವರು ಈ ಸಲ ಗೇಟಿನವರೆಗೂ ಬರಲೇ ಇಲ್ಲ,
"ಹಿತ್ತಲ ಗೋಡೆ ಎಲ್ಲಿಗೆ ಹೋಗ್ತದೆ ಅಂದ್ಕೊಂಡಿದ್ದಾರೆ" ಎಂದಳು.

ಸಂಜೆ ಆರೂವರೆಗೆ ಸಿರಿಲ್ ಮೇಚಿನ್ ಬಂದ.
ಬಸ್ ಪಾಸು ತೋರಿಸಿದ. ನಲವತ್ತು ವರ್ಷದ ಪರಿಚಯ,
ಆದರೂ ಮುಖಕ್ಕೂ ಫೋಟೋಕ್ಕೂ ತಾಳೆ ನೋಡಬೇಕು, ಕಾನೂನು.
ಅವನ ಹೆಸರಿಗೆ ಗೆರೆ ಎಳೆದೆ.
ಕೆಳಗೇ ಡೋರಿನ್ ಮೇಚಿನ್.
ಗೆರೆಯಿಲ್ಲದೆ.
ಫೆಬ್ರವರಿಯಲ್ಲಿ, ಆಸ್ಪತ್ರೆಯ ಓಣಿಯಲ್ಲಿ,
ಹದಿನಾಲ್ಕು ಗಂಟೆ ಗಾಲಿಮಂಚದ ಮೇಲೆ.
ಪಟ್ಟಿಗಿನ್ನೂ ಸುದ್ದಿ ಮುಟ್ಟಿರಲಿಲ್ಲ.
ಅಡಿಪಟ್ಟಿ ಕೆಳಕ್ಕೆ ಸರಿಸಿ ಮುಚ್ಚಿದೆ.
ಅವನು ನೋಡಿಯಾಗಿತ್ತು.

"ಇವಳು ನನ್ನ ಓಟನ್ನು ಯಾವಾಗಲೂ ಅಳಿಸಿಹಾಕುತ್ತಿದ್ದಳು" ಅಂದ.
"ನಾನು ಅಪ್ಪನ ಬಣ್ಣ, ಅವಳು ಅದರ ಎದುರು.
ಜೋಡಿಯಾಗಿ ಬಂದು, ಸೊನ್ನೆ ಮಾಡಿ,
ಓಟ್‌ಕೇಕ್ ತಿಂದು ಮನೆಗೆ ಹೋಗುತ್ತಿದ್ದೆವು."

ಮರೆಯೊಳಗೆ ಹನ್ನೊಂದು ನಿಮಿಷ.
ಸಾಲು ಬೆಳೆಯಿತು. ಯಾರೋ ಕೆಮ್ಮಿದರು.
ಹಲಗೆಯ ಕೆಳಗೆ ಅವನ ಬೂಟು ಮಾತ್ರ ಕಾಣುತ್ತಿತ್ತು,
ಒಂದನ್ನೊಂದು ಮೆಟ್ಟಿ ನಿಂತ ಬೂಟು.

ಏನು ಲೆಕ್ಕ ಹಾಕುತ್ತಿದ್ದ?
ಗಾಲಿಮಂಚಕ್ಕೆ ಯಾರನ್ನು ಹೊಣೆ ಮಾಡಲೆಂದೋ?
ಅಥವಾ, ಎದುರು ತಟ್ಟೆಯಲ್ಲಿ ಕೂರುವವಳಿಲ್ಲದೆ
ಮೊದಲ ಸಲ ಲೆಕ್ಕಕ್ಕೆ ಬರುವ ತನ್ನ ಓಟಿನ ಭಾರಕ್ಕೆ
ಕೈ ಸೋತಿತೋ?

ಹೊರಬಂದು, ಪೆಟ್ಟಿಗೆಯ ಬಾಯಲ್ಲಿ ನಿಂತು,
ಮಡಿಸಿದ ಚೀಟಿಯನ್ನು ಮಗುಚಿದ.
ಹಿಂಬದಿಯ ಗುರುತು ನಮಗೆ ತೋರಿಸಬೇಕೆಂಬುದು ನಿಯಮ,
ಯಾರೂ ತೋರಿಸುವುದಿಲ್ಲ, ನಾವೂ ಕೇಳುವುದಿಲ್ಲ.
ಅವನು ಮಗುಚಿದ್ದು ನಿಯಮಕ್ಕಲ್ಲ.
ಬುಡ ನೋಡಿದ. ಹಾಕಿದ. ಟೋಪಿ ಇಟ್ಟುಕೊಂಡು ಹೋದ.

ಡೋರಿನಳ ಓಟನ್ನೇ ಹಾಕಿದನೆಂದು ನನ್ನ ಗುಮಾನಿ.
ಗುಮಾನಿಗೆ ಪಟ್ಟಿಯಲ್ಲಿ ಜಾಗವಿಲ್ಲ.

ನನ್ನದು? ಹತ್ತು ದಿನ ಮೊದಲೇ ಅಂಚೆಗೆ ಬಿದ್ದಿತ್ತು,
ಅಡುಗೆಮನೆಯ ಮೇಜಿನ ಮೇಲೆ ಗೀಚಿದ್ದು,
ಬಟ್ಟೆ ಒಗೆಯುವ ಯಂತ್ರ ಸುತ್ತುತ್ತಿರುವಾಗ.
ಹೇಗೆ ತೀರ್ಮಾನಿಸಿದೆ ಎಂದರೆ...
ಕಿವಿ ಅಂಟಿಸುವಾಗ ತೆಳ್ಳನೆ ಜೇಡಿ ಸವರಿ ಒತ್ತುತ್ತೇವೆ.
ನೋಡಲು ಗಟ್ಟಿಯೇ.
ಬಿರುಕು ಬಿಡುವುದು ಬೆಂಕಿಯೊಳಗೆ;
ಅಷ್ಟರಲ್ಲಿ ಕೈ ಮುಂದಿನ ಕಪ್ಪಿಗೆ ಹೋಗಿರುತ್ತದೆ.

ಹತ್ತಕ್ಕೆ ಬಾಗಿಲು ಹಾಕಿದೆವು. ಪೆಟ್ಟಿಗೆಗೆ ಮೊಹರು.
ಕುರ್ಚಿ ಎತ್ತಿಡುವಾಗ ನೋಡಿದೆ,
ಮೂರನೆಯ ಮರೆಯಲ್ಲಿ ದಾರವಷ್ಟೇ ನೇತಾಡುತ್ತಿತ್ತು.